ಊಟ ಆಯ್ತಾ? ಛರ್ ಲ ಮ?: ದಿನಬಳಕೆಯ ಚೀನೀ ಮಾತನ್ನು ಕನ್ನಡದ ಮೂಲಕ ಕಲಿಯುವ ದಾರಿ

ದಕ್ಷಿಣ ಚೀನಾದ ಶೆನ್‌ಝೆನ್‌ನಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಯಸ್ಸಾದ ವಾಚ್‌ಮನ್ ಒಬ್ಬರಿದ್ದರು. ಮಧ್ಯಾಹ್ನದ ಹೊತ್ತು ಕಂಡಾಗೆಲ್ಲ ‘ಛರ್ ಲ ಮ?’ ಅನ್ನುತ್ತಿದ್ದರು. ನನ್ನ ಹತ್ತಿರ ಇದ್ದ ಇಂಗ್ಲಿಷ್ ಪುಸ್ತಕದಲ್ಲಿ ಅದರ ಅರ್ಥ ‘ತಿಂದಿರಾ?’ ಅಂತ ಕೊಟ್ಟಿತ್ತು. ಇದು ಊಟಕ್ಕೆ ಕರೆಯುವುದಲ್ಲ, ಬರೀ ಕುಶಲ ವಿಚಾರಿಸುವ ರೀತಿ ಅಂತ ಕೆಳಗೆ ಅರ್ಧ ಪುಟ ವಿವರಣೆ ಬೇರೆ. ಆ ಅರ್ಧ ಪುಟ ನನಗೆ ಬೇಕೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಯಾರು ಎದುರಾದರೂ ‘ಊಟ ಆಯ್ತಾ?’ ಅನ್ನುತ್ತಾರೆ ಅಲ್ವಾ? ‘ಆಯ್ತು, ನಿಮ್ದು?’ ಅಂತ ಹೇಳಿ ಮುಂದೆ ಹೋಗುತ್ತೇವೆ. ಅಲ್ಲೂ ಅಷ್ಟೇ. ‘ಛರ್ ಲ, ನಿ ನ?’ ಅಂದರೆ ಮುಗಿಯಿತು.

ಅವತ್ತಿನಿಂದ ನಾನು ಚೀನೀ ಮಾತನ್ನು ಇಂಗ್ಲಿಷ್ ಮೂಲಕ ಕಲಿಯುವುದನ್ನು ಬಿಟ್ಟೆ. ಇಂಗ್ಲಿಷಿನವರಿಗೆ ವಿಚಿತ್ರ ಅನ್ನಿಸುವ ಎಷ್ಟೋ ಸಂಗತಿ ನಮಗೆ ಮನೆಯಲ್ಲೇ ಗೊತ್ತಿರುವುದು. ಹಾಗಂತ ಎಲ್ಲವೂ ನಮ್ಮ ಥರ ಇಲ್ಲ. ಕೆಲವು ಕಡೆ ನಮ್ಮ ಒಳ್ಳೆಯ ಪದ್ಧತಿಯೇ ಅಲ್ಲಿ ಕೆಟ್ಟ ಅರ್ಥ ಕೊಡುತ್ತದೆ. ಓದಲು, ವ್ಯಾಪಾರಕ್ಕೆ, ಕೆಲಸಕ್ಕೆ ಹೋಗುವ ಕನ್ನಡಿಗರು ಎರಡನ್ನೂ ತಿಳಿದುಕೊಂಡರೆ ತುಂಬಾ ಅನುಕೂಲ.

ಹಂತ 1: ಮೊದಲು ಬಾಯಿ ತಿದ್ದಿಕೊಳ್ಳಿ

ನಾವು ಕಲಿಯಬೇಕಾದದ್ದು ಮ್ಯಾಂಡರಿನ್. ಗುವಾಂಗ್‌ಝೌ, ಹಾಂಗ್‌ಕಾಂಗ್ ಕಡೆ ಮನೆಮಾತು ಕ್ಯಾಂಟನೀಸ್, ಅದು ಬೇರೆಯೇ. ಆದರೆ ಚೀನಾದ ಶಾಲೆ, ಆಫೀಸು, ಟಿವಿ ಎಲ್ಲ ಕಡೆ ನಡೆಯುವುದು ಮ್ಯಾಂಡರಿನ್.

ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅನ್ನುತ್ತಾರೆ. 1958ರಿಂದ ಇದು ಜಾರಿಯಲ್ಲಿದೆ. ನೀವು ಯಾವ ಆ್ಯಪ್ ತೆರೆದರೂ ಮೊದಲು ಸಿಗುವುದು ಇದೇ. ಇದನ್ನು ಇಂಗ್ಲಿಷ್ ಥರ ಓದಿದರೆ ಉಚ್ಚಾರ ಶುರುವಿನಲ್ಲೇ ಕೆಡುತ್ತದೆ. ಪಿನ್‌ಯಿನ್‌ನಲ್ಲಿ ‘ಬಿ’ ಅಕ್ಷರ ಕಂಡರೆ ಅದು ಬ ಅಲ್ಲ, ಪ. ‘ಪಿ’ ಅಕ್ಷರ ಕಂಡರೆ ಉಸಿರು ಬಿಟ್ಟು ಹೇಳುವ ಫ. ಹಾಗೇ ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ ಅಂದರೆ ಕ, ‘ಕೆ’ ಅಂದರೆ ಖ. ‘ಜೆ’ ಅಂದರೆ ಚ, ‘ಕ್ಯೂ’ ಅಂದರೆ ಛ. ನಮ್ಮ ಬ, ದ, ಗ, ಜ ಮ್ಯಾಂಡರಿನ್‌ನಲ್ಲಿ ಇಲ್ಲವೇ ಇಲ್ಲ. ನಾವು ಬೀಜಿಂಗ್ ಅನ್ನುವ ಊರು ಅವರ ಬಾಯಲ್ಲಿ ಪೆಯ್‌ಚಿಂಗ್.

ಅಲ್ಪಪ್ರಾಣ, ಮಹಾಪ್ರಾಣ ಅಂತ ಶಾಲೆಯಲ್ಲಿ ಕಲಿತದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮಾತಾಡುವಾಗ ನಾವು ಖ, ಥಗಳನ್ನು ಕ, ತ ಮಾಡಿಬಿಡುತ್ತೇವೆ, ನಿಜ. ಆದರೆ ವ್ಯತ್ಯಾಸ ಇದೆ ಅನ್ನೋದು ಕಿವಿಗೆ ಗೊತ್ತಿದೆ. ಅಲ್ಲಿ ಮಾತ್ರ ಉಸಿರು ಬಿಡಲೇಬೇಕು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಈ ಎರಡು ವಾಕ್ಯ ಹೇಳಿ ನೋಡಿ. ‘ತುತ್ಸ ಪಾವ್ ಲ’ ಅಂದರೆ ಹೊಟ್ಟೆ ತುಂಬಿತು. ‘ಥುತ್ಸ ಫಾವ್ ಲ’ ಅಂದರೆ ಮೊಲ ಓಡಿಹೋಯಿತು. ಎರಡಕ್ಕೂ ರಾಗ ಒಂದೇ, ಇರುವ ವ್ಯತ್ಯಾಸ ಉಸಿರು ಮಾತ್ರ. ಎರಡನೆಯದರಲ್ಲಿ ಅಂಗೈಗೆ ಗಾಳಿ ಬಡಿಯಬೇಕು. ಬಡಿಯದಿದ್ದರೆ ಮತ್ತೆ ಹೇಳಿ.

ಇನ್ನು ಸ್ವರದ ಏರಿಳಿತ. ಮ್ಯಾಂಡರಿನ್‌ನಲ್ಲಿ ನಾಲ್ಕು ರಾಗಗಳಿವೆ, ಜೊತೆಗೆ ತೇಲಿಸಿ ಹೇಳುವ ಹಗುರ ಅಕ್ಷರ ಒಂದು. ರಾಗ ಬದಲಾದರೆ ಅರ್ಥವೇ ಬೇರೆ. ಇವನ್ನು ಕನ್ನಡದಲ್ಲೇ ಹಿಡಿಯಬಹುದು. ಒಂದನೆಯದು ಶ್ರುತಿ ಹಿಡಿದು ಮೇಲೆ ನಿಲ್ಲಿಸಿದ ‘ಸಾ’ ಥರ, ಅಲುಗಾಡಬಾರದು. ಎರಡನೆಯದು ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದಾಗ ‘ಹಾಂ?’ ಅನ್ನುತ್ತೇವಲ್ಲ, ಹಾಗೆ ಏರುತ್ತದೆ. ಮೂರನೆಯದು ಏನೋ ಯೋಚಿಸುತ್ತಾ ‘ಹೂಂ...’ ಅಂತ ತಗ್ಗಿಸಿ ಎಳೆಯುವ ದನಿ. ನಾಲ್ಕನೆಯದು ಇನ್ನೊಂದು ಹೋಳಿಗೆ ಬಡಿಸಲು ಬಂದವರಿಗೆ ‘ಸಾಕ್!’ ಅನ್ನುವ ಹಾಗೆ ಮೇಲಿಂದ ಕೆಳಕ್ಕೆ ಬೀಳುತ್ತದೆ.

ಮುಂದೆ ನಾನು ಅಕ್ಷರದ ಪಕ್ಕ 1, 2, 3, 4 ಅಂತ ಬರೆದರೆ ಆ ರಾಗ ಅಂತ ತಿಳಿಯಿರಿ. ಅಂಕಿ ಇಲ್ಲದಿದ್ದರೆ ಹಗುರವಾಗಿ ಹೇಳಿ. ಚುಕ್ಕಿ ಇರುವ ಫ಼ ಅಂದರೆ ಫ಼ೋನಿನ ಫ಼, ಚುಕ್ಕಿ ಇಲ್ಲದ ಫ ಅಂದರೆ ಪಕಾರದ ಮಹಾಪ್ರಾಣ. ‘ಛರ್’ ಅಂತ ಬರೆದ ಕಡೆ ಕೊನೆಯ ರ್ ಅನ್ನು ಒತ್ತಬೇಡಿ. ನಾಲಿಗೆ ತುದಿ ಮೇಲಕ್ಕೆ ಮಡಚಿದ್ದರೆ ಸಾಕು.

ಅಂಗಡಿಗೆ ಹೋಗುವವರು ಒಂದು ಜೋಡಿ ನೆನಪಿಟ್ಟುಕೊಳ್ಳಿ: ಮಾಯ್3 ಅಂದರೆ ಕೊಳ್ಳುವುದು, ಮಾಯ್4 ಅಂದರೆ ಮಾರುವುದು. ರಾಗ ತಪ್ಪಿದರೂ ಅಂಗಡಿಯವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ವ್ಯಾಪಾರದ ಫೋನ್ ಮಾತಿನಲ್ಲಿ ಆ ಅನುಕೂಲ ಇರುವುದಿಲ್ಲ.

ಒಂದು ನಿಯಮವನ್ನು ಈಗಲೇ ಕಲಿತುಬಿಡಿ. ಮೂರನೇ ರಾಗದ ಎರಡು ಅಕ್ಷರ ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ರಾಗ ಆಗುತ್ತದೆ. ‘ನಿ3 ಹಾವ್3’ ಅಂತ ಪುಸ್ತಕದಲ್ಲಿದ್ದರೂ ಬಾಯಲ್ಲಿ ಅದು ‘ನಿ2 ಹಾವ್3’. ಮೊದಲ ಎರಡು ವಾರ ದಿನಕ್ಕೆ ಕಾಲು ಗಂಟೆ ಬರೀ ಉಚ್ಚಾರಕ್ಕೆ ಕೊಡಿ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅಲ್ಲಿಯವರ ದನಿಯ ಪಕ್ಕದಲ್ಲಿಟ್ಟು ಕೇಳಿ. ಅವಸರ ಮಾಡಿ ಪದಗಳನ್ನು ರಾಶಿ ಹಾಕಿಕೊಂಡವರು ಆಮೇಲೆ ಎಲ್ಲವನ್ನೂ ಮತ್ತೆ ತಿದ್ದಿಕೊಳ್ಳಬೇಕಾಗುತ್ತದೆ. ಅದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಹಂತ 2: ದಿನಕ್ಕೆ ಹತ್ತು ಸಲ ಬೇಕಾಗುವ ಮಾತುಗಳು

‘ನಿ3’ ಅಂದರೆ ನೀನು. ‘ನಿನ್2’ ಅಂದರೆ ನೀವು, ಅಂದರೆ ಒಬ್ಬರಿಗೇ ಮರ್ಯಾದೆ ಕೊಟ್ಟು ಹೇಳುವ ನೀವು. ನಮಗೆ ‘ನಿನ್’ ಅಂದರೆ ಸಲಿಗೆ, ಅವರಿಗೆ ಗೌರವ. ಈ ತಿರುವು ಒಮ್ಮೆ ತಲೆಯಲ್ಲಿ ಕೂತರೆ ಮರೆಯುವುದಿಲ್ಲ. ಹಿರಿಯರಿಗೆ, ಮೇಷ್ಟ್ರಿಗೆ, ಗ್ರಾಹಕರಿಗೆ ‘ನಿನ್2 ಹಾವ್3’ ಅನ್ನಿ. ಗೆಳೆಯರಿಗೆ ಇದನ್ನು ಹೇಳಿದರೆ ದೂರ ಇಟ್ಟ ಹಾಗೆ ಕೇಳಿಸುತ್ತದೆ.

‘ಛರ್1 ಲ ಮ?’ ಅನ್ನು ಬಿಡಿಸಿ ನೋಡೋಣ. ಛರ್ ಅಂದರೆ ತಿನ್ನು. ಲ ಅಂದರೆ ಆಗಿದೆ ಅನ್ನುವ ಸೂಚನೆ. ಕೊನೆಯ ‘ಮ’ ಅಂದರೆ ಪ್ರಶ್ನೆ. ಕನ್ನಡದಲ್ಲಿ ‘ಆಯ್ತು’ ಪಕ್ಕ ಒಂದು ‘ಆ’ ಸೇರಿಸಿ ‘ಆಯ್ತಾ?’ ಮಾಡುತ್ತೇವೆ. ಅವರು ‘ಮ’ ಸೇರಿಸುತ್ತಾರೆ. ಉತ್ತರಕ್ಕೂ ಹೌದು, ಇಲ್ಲ ಅಂತ ಹುಡುಕಬೇಕಾಗಿಲ್ಲ. ‘ಬಂದ್ರಾ?’ ಅಂದರೆ ನಾವು ‘ಬಂದ್ರು’ ಅನ್ನುತ್ತೇವಲ್ಲ, ಹಾಗೇ ಕ್ರಿಯಾಪದವನ್ನೇ ಮರಳಿ ಹೇಳಿದರಾಯಿತು. ‘ಛರ್1 ಲ ಮ?’ ‘ಛರ್1 ಲ.’ ಈಗ ಇದನ್ನು ಹೆಚ್ಚಾಗಿ ಕೇಳುವವರು ಹಿರಿಯರು, ನೆರೆಹೊರೆಯವರು, ಅದೂ ಊಟದ ಹೊತ್ತಿನ ಹಿಂದೆಮುಂದೆ. ಆಫೀಸಿನ ಮೀಟಿಂಗಿನಲ್ಲಿ ಹೇಳುವ ಮಾತಲ್ಲ.

ಹಾಗೇ ಪರಿಚಯದವರು ದಾರಿಯಲ್ಲಿ ಸಿಕ್ಕರೆ ‘ಛ್ಯು4 ನಾರ್3?’ ಅಂತಾರೆ. ಎಲ್ಲಿಗೆ ಹೊರಟಿರಿ ಅಂತ. ನಮ್ಮ ಎಷ್ಟೋ ಮನೆಗಳಲ್ಲಿ ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳುವುದು ಅಪಶಕುನ. ನಮ್ಮಜ್ಜಿ ಕೇಳಿದ್ದರೆ ಒಳಗೆ ಕರೆದು ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸುತ್ತಿದ್ದರು. ಅಲ್ಲಿ ಅದು ಅಕ್ಕರೆಯ ಮಾತು. ‘ಹೊರಗೆ ಸ್ವಲ್ಪ ಕೆಲಸ’ ಅನ್ನುವಷ್ಟು ಹೇಳಿದರೆ ಸಾಕು, ಲೆಕ್ಕ ಒಪ್ಪಿಸಬೇಕಾಗಿಲ್ಲ.

‘ಶ್ಯೆ4ಶ್ಯ’ ಅಂದರೆ ಧನ್ಯವಾದ. ಇದನ್ನು ಎಲ್ಲರೂ ಮೊದಲ ದಿನವೇ ಕಲಿಯುತ್ತಾರೆ. ಆದರೆ ನಾವು ಮನೆಯಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಹೇಳುತ್ತೇವಾ? ಅಲ್ಲೂ ಮನೆಯವರ ನಡುವೆ, ತೀರಾ ಹತ್ತಿರದವರ ನಡುವೆ ಇದನ್ನು ಪದೇಪದೇ ಹೇಳಿದರೆ ಪರಕೀಯ ಅನ್ನಿಸುತ್ತದೆ. ಉತ್ತರವಾಗಿ ಬರುವ ‘ಪು2 ಖ4ಛಿ’ ಅನ್ನುವ ಮಾತಿನಲ್ಲೇ ಈ ಭಾವ ಇದೆ. ‘ಖಛಿ’ ಅಂದರೆ ನೆಂಟರ ಹಾಗೆ ಸಂಕೋಚದಿಂದ ನಡೆದುಕೊಳ್ಳುವುದು. ‘ಪು2 ಖ4ಛಿ’ ಅಂದರೆ ‘ಅಯ್ಯೋ, ಅದೆಲ್ಲಾ ಯಾಕೆ, ಸಂಕೋಚ ಬೇಡ’.

ಧನ್ಯವಾದಕ್ಕಿಂತ ನನಗೆ ಇಷ್ಟವಾದ ಮಾತು ‘ಶಿನ್1ಖು3 ಲ’. ಶಿನ್ ಅಂದರೆ ಖಾರ, ಖು ಅಂದರೆ ಕಹಿ. ಎರಡೂ ಸೇರಿ ಪಡುವ ಶ್ರಮ. ಮಳೆಯಲ್ಲಿ ಪಾರ್ಸೆಲ್ ತಂದವರಿಗೆ, ಮನೆಗೆ ಬಂದು ನಲ್ಲಿ ರಿಪೇರಿ ಮಾಡಿದವರಿಗೆ, ರಾತ್ರಿ ತನಕ ಕೂತು ಕೆಲಸ ಮುಗಿಸಿದ ಸಹೋದ್ಯೋಗಿಗೆ ಇದನ್ನು ಹೇಳುತ್ತಾರೆ. ‘ಪಾಪ, ನಿಮಗೆ ತುಂಬಾ ಶ್ರಮ ಆಯ್ತು’ ಅಂತ ನಾವು ಹೇಳುವ ಹಾಗೆ. ಇದನ್ನು ಹೇಳಿದಾಗ ಎದುರಿನವರ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊರಗಿನಿಂದ ಬಂದವರಲ್ಲಿ ಇದನ್ನು ಬಳಸುವವರು ಕಡಿಮೆ. ದಯವಿಟ್ಟು ನೀವು ಬಳಸಿ.

ಕ್ಷಮೆ ಕೇಳುವುದಕ್ಕೆ ಎರಡು ಮಾತಿವೆ, ಎರಡನ್ನೂ ಬೆರೆಸಬೇಡಿ. ದಾರಿ ಬಿಡಿ ಅನ್ನಲು, ಐದು ನಿಮಿಷ ತಡವಾಗಿದ್ದಕ್ಕೆ, ಚಿಕ್ಕ ಉಪಕಾರ ಕೇಳಲು ‘ಪು4 ಹಾವ್3 ಯಿ4ಸ’. ನಿಜವಾಗಿ ತಪ್ಪಾಗಿದ್ದರೆ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ‘ತ್ವೆಯ್4ಪುಛಿ3’. ಎರಡಕ್ಕೂ ‘ಮೆಯ್2 ಕ್ವಾನ್1ಶಿ’, ಅಂದರೆ ‘ಪರವಾಗಿಲ್ಲ’, ಉತ್ತರ. ಯಾರಿಂದಾದರೂ ಕೆಲಸ ಮಾಡಿಸಿಕೊಳ್ಳುವ ಮುಂಚೆ ‘ಮಾ2ಫ಼ನ್ ನಿನ್2’ ಅಂತ ಸೇರಿಸಿ. ನಿಮಗೆ ತೊಂದರೆ ಕೊಡುತ್ತಿದ್ದೇನೆ ಅಂತ. ಬರೀ ಬೇಡಿಕೆ ಇಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಹೊಗಳಿದರೆ? ಹಿರಿಯರು ‘ನಾ3ಲಿ3 ನಾ3ಲಿ3’ ಅನ್ನುತ್ತಾರೆ. ಅಕ್ಷರಶಃ ‘ಎಲ್ಲಿ, ಎಲ್ಲಿ’. ‘ಎಲ್ಲಿ ಬಂತು ಬಿಡಿ, ಅಷ್ಟೇನೂ ಇಲ್ಲ’ ಅನ್ನುವ ನಮ್ಮ ಮಾತೇ ಅದು. ಹೊಸ ತಲೆಮಾರಿನವರು ಸುಮ್ನೆ ‘ಶ್ಯೆ4ಶ್ಯ’ ಅಂತ ಒಪ್ಪಿಕೊಳ್ಳುತ್ತಾರೆ. ನೀವು ಎರಡರಲ್ಲಿ ಯಾವುದನ್ನಾದರೂ ಹೇಳಬಹುದು.

ಹಂತ 3: ಯಾರನ್ನು ಏನಂತ ಕರೆಯಬೇಕು

ಇಂಗ್ಲಿಷ್‌ನಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಅಂಕಲ್. ಚೀನೀ ಭಾಷೆ ಈ ವಿಷಯದಲ್ಲಿ ಕನ್ನಡದ ಕಡೆ. ದೊಡ್ಡಪ್ಪ ‘ಪೊ2ಪೊ’, ಚಿಕ್ಕಪ್ಪ ‘ಷು1ಷು’, ಸೋದರಮಾವ ‘ಚ್ಯೋ4ಚ್ಯೋ’, ಸೋದರತ್ತೆ ‘ಕು1ಕು’. ಅಣ್ಣ ‘ಕ1ಕ’, ತಮ್ಮ ‘ತಿ4ತಿ’, ಅಕ್ಕ ‘ಚ್ಯೆ3ಚ್ಯೆ’, ತಂಗಿ ‘ಮೆಯ್4ಮೆಯ್’. ಅಪ್ಪ ‘ಪಾ4ಪ’. ಅಮ್ಮ ಮಾತ್ರ ‘ಮಾ1ಮ’. ನಮ್ಮ ಮಾಮನಿಗೂ ಅದಕ್ಕೂ ಸಂಬಂಧ ಇಲ್ಲ, ಮೊದಮೊದಲು ಕಿವಿಗೆ ಗೊಂದಲ ಆಗುತ್ತದೆ ಅಷ್ಟೇ.

ನಾವು ಆಟೋದವರನ್ನು ಅಣ್ಣ, ತರಕಾರಿಯವರನ್ನು ಅಕ್ಕ ಅನ್ನುವ ಹಾಗೆ ಅವರೂ ಪರಿಚಯ ಇಲ್ಲದವರನ್ನು ಸಂಬಂಧ ಹಚ್ಚಿ ಕರೆಯುತ್ತಾರೆ. ಅಮ್ಮನ ವಯಸ್ಸಿನವರನ್ನು ‘ಆ1ಯಿ2’, ಅಪ್ಪನ ವಯಸ್ಸಿನವರನ್ನು ‘ಷು1ಷು’ ಅಂದರೆ ತಪ್ಪಾಗದು. ಒಂದೇ ಎಚ್ಚರ: ಮನೆಕೆಲಸದವರನ್ನೂ ‘ಆಯಿ’ ಅನ್ನುತ್ತಾರೆ. ಅದಕ್ಕೇ ಮೂವತ್ತು ನಲವತ್ತರ ಹೆಂಗಸರನ್ನು ಹಾಗೆ ಕರೆಯಬೇಡಿ. ಟ್ಯಾಕ್ಸಿ ಡ್ರೈವರ್, ಬಡಗಿ, ಪ್ಲಂಬರ್ ಇವರಿಗೆ ‘ಷರ್1ಫ಼ು’. ಕಸುಬು ಬಲ್ಲವರು, ಉಸ್ತಾದ್ ಅನ್ನುವ ಅರ್ಥ. ಅಂಗಡಿ ಯಜಮಾನರಿಗೆ ‘ಲಾವ್3ಪಾನ್3’. ಹೋಟೆಲಿನಲ್ಲಿ ಬಡಿಸುವವರಿಗೆ ‘ಫ಼ು2ವು4ಯ್ವೆನ್2’.

ಹಳೆಯ ಪುಸ್ತಕಗಳಲ್ಲಿ ಯುವತಿಯರನ್ನು ‘ಶ್ಯಾವ್3ಚ್ಯೆ3’ ಅಂತ ಕರೆಯಿರಿ ಅಂತ ಇರುತ್ತದೆ. ತೈವಾನ್‌ನಲ್ಲಿ ಇದು ಸರಿ. ಚೀನಾದಲ್ಲಿ ಬೇಡ. ಅಲ್ಲಿ ಈ ಪದಕ್ಕೆ ವೇಶ್ಯೆ ಅನ್ನುವ ಅರ್ಥ ಅಂಟಿಕೊಂಡಿದೆ.

ಹೆಸರಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಮದುವೆಯಾದ ಮೇಲೂ ಹೆಣ್ಣುಮಕ್ಕಳು ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಮನೆತನದ ಹೆಸರಿನ ಮುಂದೆ ಹುದ್ದೆ ಸೇರಿಸಿ ಕರೆಯುವುದು ರೂಢಿ: ‘ವಾಂಗ್ ಲಾವ್3ಷರ್1’ ಅಂದರೆ ವಾಂಗ್ ಮೇಷ್ಟ್ರು, ‘ಲೀ ಚಿಂಗ್1ಲಿ3’ ಅಂದರೆ ಲೀ ಮ್ಯಾನೇಜರ್. ಹೆಸರು ಕೇಳುವಾಗ ‘ನಿನ್2 ಕ್ವೆಯ್4 ಶಿಂಗ್4?’ ಅನ್ನುತ್ತಾರೆ. ನಿಮ್ಮ ಮನೆತನದ ಗೌರವಾನ್ವಿತ ಹೆಸರೇನು ಅಂತ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಇರುವುದು ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್. ಯಾವ ಹೆಸರಿನಿಂದ ಕರೆಸಿಕೊಳ್ಳಬೇಕು ಅನ್ನುವುದನ್ನು ಹೋಗುವ ಮುಂಚೆಯೇ ನಿರ್ಧರಿಸಿ, ಎಲ್ಲ ಕಡೆ ಅದನ್ನೇ ಕೊಡಿ. ‘ವೊ3 ಚ್ಯಾವ್4...’ ಅಂದರೆ ‘ನನ್ನನ್ನು ಹೀಗೆ ಕರೆಯುತ್ತಾರೆ’. ಅದರ ಮುಂದೆ ಹೆಸರು ಹೇಳಿದರಾಯಿತು.

ವಯಸ್ಸು, ಸಂಬಳ, ಮದುವೆ, ಮಕ್ಕಳು ಇವನ್ನೆಲ್ಲ ಮೊದಲ ಭೇಟಿಯಲ್ಲೇ ಅವರು ನಿಮ್ಮನ್ನು ಕೇಳಬಹುದು. ನಮ್ಮ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ಹಂತ 4: ಊಟದ ಮೇಜು

ಸಸ್ಯಾಹಾರಿಗಳು ಇದನ್ನು ನಿಧಾನವಾಗಿ ಓದಿ. ‘ವೊ3 ಛರ್1 ಸು4’ ಅಂದರೆ ನಾನು ಸಸ್ಯಾಹಾರಿ. ಆದರೆ ಈ ಒಂದು ಮಾತಿನ ಮೇಲೆ ನಂಬಿಕೆ ಇಟ್ಟು ಕೂರಬೇಡಿ. ‘ರೋ4’ ಅಂದರೆ ಮಾಂಸ, ಸುಮ್ನೆ ರೋ ಅಂದರೆ ಸಾಮಾನ್ಯವಾಗಿ ಹಂದಿ ಮಾಂಸ. ‘ರೋ ಬೇಡ’ ಅಂದರೆ ಮೀನು, ಮೊಟ್ಟೆ, ಕೋಳಿ ಸಾರು ಬರಬಹುದು. ಸೊಪ್ಪಿನ ಪಲ್ಯವನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು. ತೋಫು, ಅಂದರೆ ಸೋಯಾ ಪನೀರ್, ಅದರ ಮೇಲೆ ಖೀಮಾ ಉದುರಿಸಿರಬಹುದು. ಅದಕ್ಕೇ ಒಂದೊಂದಾಗಿ ಹೇಳಿ: ‘ಪು4 ಛರ್1’ ಅಂದರೆ ತಿನ್ನುವುದಿಲ್ಲ. ಅದರ ಮುಂದೆ ‘ರೋ4’ ಮಾಂಸ, ‘ಯ್ಯೂ2’ ಮೀನು, ‘ಚಿ1ತಾನ್4’ ಮೊಟ್ಟೆ, ‘ಚು1ಯೋ2’ ಹಂದಿ ಕೊಬ್ಬು. ಇದನ್ನು ಯಾರಿಂದಾದರೂ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸುವುದು ಇನ್ನೂ ಒಳ್ಳೆಯದು. ಬೌದ್ಧರು ನಡೆಸುವ ಸಸ್ಯಾಹಾರಿ ಹೋಟೆಲುಗಳು ದೊಡ್ಡ ಊರುಗಳಲ್ಲಿ ಸಿಗುತ್ತವೆ. ಸಂಪ್ರದಾಯಸ್ಥರ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಮಡಿ ಅಡುಗೆ ನೋಡಿ ಬೆಳೆದವರಿಗೆ ಇದು ಸಮಾಧಾನದ ಸಂಗತಿ. ಉಳಿದ ಕಡೆ ಆಲೂಗಡ್ಡೆಯನ್ನು ಸಣ್ಣಗೆ ಸೀಳಿ ಹುರಿದ ಪಲ್ಯ ಮತ್ತು ‘ಮಿ3ಫ಼ಾನ್4’, ಅಂದರೆ ಅನ್ನ, ಎಲ್ಲೆಲ್ಲೂ ಸಿಗುತ್ತದೆ. ಆದರೂ ಯಾವುದರಲ್ಲಿ ಹುರಿದಿದ್ದಾರೆ ಅಂತ ಕೇಳಿಯೇ ತಿನ್ನಿ.

ಊಟಕ್ಕೆ ಕರೆದವರು ಎಲ್ಲಿ ಕೂರಿಸುತ್ತಾರೋ ಅಲ್ಲಿ ಕೂರಿ. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಗೌರವದ್ದು. ಹಿರಿಯರು ಶುರು ಮಾಡಿದ ಮೇಲೆ ನೀವು ಕೈ ಹಾಕಿ.

ಚಾಪ್‌ಸ್ಟಿಕ್ ಹಿಡಿಯಲು ಬರದಿದ್ದರೆ ಚಮಚ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅನ್ನದ ಬಟ್ಟಲಿನಲ್ಲಿ ಅದನ್ನು ನೆಟ್ಟಗೆ ಚುಚ್ಚಿ ಇಡಬೇಡಿ. ಸತ್ತವರ ಮುಂದೆ ಊದುಬತ್ತಿ ನೆಡುವುದು ಹಾಗೆ. ತಿಥಿಯ ಪದ್ಧತಿಯನ್ನು ಹಬ್ಬದ ಎಲೆಗೆ ತಂದರೆ ನಮಗೆ ಹೇಗಾಗುತ್ತದೋ ಅವರಿಗೂ ಹಾಗೇ ಆಗುತ್ತದೆ. ಚಾಪ್‌ಸ್ಟಿಕ್‌ನಿಂದ ಬಟ್ಟಲು ಬಡಿಯಲೂ ಬಾರದು, ಅದು ಭಿಕ್ಷೆ ಬೇಡುವವರ ರೀತಿ.

ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದ ಕಡೆ ಒಂದು ಚೆಂದದ ರೂಢಿ ಇದೆ. ಯಾರಾದರೂ ನಿಮ್ಮ ಲೋಟಕ್ಕೆ ಚಹಾ ಹಾಕಿದರೆ, ಎರಡು ಬೆರಳು ಮಡಚಿ ಮೇಜಿನ ಮೇಲೆ ಮೆಲ್ಲಗೆ ಎರಡು ಮೂರು ಸಲ ತಟ್ಟುತ್ತಾರೆ. ಬಾಯಲ್ಲಿ ತುತ್ತಿದ್ದರೂ ಧನ್ಯವಾದ ಹೇಳಿದ ಹಾಗಾಯಿತು. ಹದಿನೆಂಟನೇ ಶತಮಾನದ ಛ್ಯೆನ್‌ಲುಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುವಾಗ ತನ್ನ ಸೇವಕನಿಗೇ ಚಹಾ ಹಾಕಿಕೊಟ್ಟನಂತೆ. ಅಲ್ಲಿ ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಸೇವಕ ಬೆರಳುಗಳನ್ನೇ ಮಂಡಿ ಹಾಗೆ ಮಡಚಿ ನಮಸ್ಕರಿಸಿದನಂತೆ. ಇದು ಕಥೆ, ಆದರೆ ಎಲ್ಲರೂ ಹೇಳುವ ಕಥೆ.

‘ಕಾನ್1ಪೆಯ್1’ ಅಂದರೆ ಲೋಟ ಖಾಲಿ ಮಾಡಿ ಅಂತ. ಅಲ್ಲಿಯ ಪಾಯ್‌ಚ್ಯೋ ಅನ್ನುವ ಮದ್ಯ ಹೆಚ್ಚಾಗಿ 50 ಪರ್ಸೆಂಟ್ ಆಚೀಚೆ ಇರುತ್ತದೆ, ಹುಷಾರು. ಕುಡಿಯದವರು ಮೊದಲ ಸುತ್ತಿನಲ್ಲೇ ‘ನಾನು ಕುಡಿಯುವುದಿಲ್ಲ’ ಅಂತ ಹೇಳಿ ಚಹಾ ಲೋಟ ಎತ್ತಬಹುದು. ನಡುವೆ ನಿಲ್ಲಿಸುವುದು ಕಷ್ಟ. ಲೋಟ ತಾಗಿಸುವಾಗ ನಿಮ್ಮ ಲೋಟದ ಅಂಚು ಹಿರಿಯರ ಲೋಟಕ್ಕಿಂತ ಸ್ವಲ್ಪ ಕೆಳಗಿರಲಿ.

ಬಡಿಸುತ್ತಲೇ ಇರುತ್ತಾರೆ. ‘ಛರ್1 ಪಾವ್3 ಲ’, ಅಂದರೆ ಹೊಟ್ಟೆ ತುಂಬಿತು, ಅಂತ ಎರಡು ಮೂರು ಸಲ ಹೇಳಬೇಕಾಗುತ್ತದೆ. ತಟ್ಟೆ ಪೂರ್ತಿ ಖಾಲಿ ಮಾಡಿದರೆ ಸಾಲಲಿಲ್ಲ ಅಂತ ತಿಳಿಯುತ್ತಾರೆ ಅನ್ನುವುದು ಹಳೆಯ ಮಾತು. 2021ರಲ್ಲಿ ಆಹಾರ ಪೋಲು ತಡೆಯುವ ಕಾನೂನೇ ಬಂದಿದೆ. ಈಗ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗುವುದರಲ್ಲಿ ಯಾರಿಗೂ ನಾಚಿಕೆ ಇಲ್ಲ. ಬಿಲ್ಲಿಗೆ ಮಾತ್ರ ಜಗ್ಗಾಟ ಇದ್ದೇ ಇದೆ, ನಮ್ಮ ದರ್ಶಿನಿ ಕೌಂಟರಿನ ಮುಂದೆ ನಡೆಯುವ ಹಾಗೆ. ‘ವೊ3 ಲಾಯ್2’, ನಾನು ಕೊಡ್ತೀನಿ ಅಂತ ಒಮ್ಮೆಯಾದರೂ ಹೇಳಿ. ಬಿಡದಿದ್ದರೆ ಮುಂದಿನ ಸಲ ನೀವು ಕರೆಯಿರಿ.

ಹಂತ 5: ‘ಇಲ್ಲ’ ಅನ್ನುವುದನ್ನು ಕೇಳಿಸಿಕೊಳ್ಳುವುದು

ಮದುವೆಗೆ ಚಂದಾ ಕೇಳಲು ಬಂದವರಿಗೆ, ಸಾಲ ಕೇಳಿದ ನೆಂಟರಿಗೆ ನಾವು ‘ನೋಡೋಣ’ ಅನ್ನುತ್ತೇವೆ. ಕೇಳಿದವರಿಗೂ ಗೊತ್ತು, ಅದು ಆಗುವುದಿಲ್ಲ ಅಂತ. ಚೀನೀಯರ ‘ನೋಡೋಣ’ಕ್ಕೆ ‘ಖಾವ್3ಲ್ಯು4 ಖಾವ್3ಲ್ಯು4’ ಅಂತ ಹೆಸರು. ಯೋಚನೆ ಮಾಡೋಣ ಅಂತ. ‘ಪು4 ಫ಼ಾಂಗ್1ಪ್ಯೆನ್4’ ಅಂದರೆ ಅನುಕೂಲ ಆಗೋದಿಲ್ಲ. ಇವೆರಡು ಕಿವಿಗೆ ಬಿದ್ದರೆ ಮತ್ತೆ ಮತ್ತೆ ಒತ್ತಾಯ ಮಾಡಬೇಡಿ. ನೇರವಾಗಿ ಇಲ್ಲ ಅನ್ನಲು ಬಾರದವರು ಅಂತ ಇಂಗ್ಲಿಷ್ ಪುಸ್ತಕಗಳು ಬರೆಯುತ್ತವೆ. ಅವರು ಹೇಳಿದ್ದು ಇಲ್ಲ ಅಂತಲೇ. ನಿಮ್ಮ ಮರ್ಯಾದೆ ಉಳಿಸಿ ಹೇಳಿದ್ದಾರೆ.

ಆ ಮರ್ಯಾದೆಗೆ ಅವರ ಪದ ‘ಮ್ಯೆನ್4ತ್ಸ’, ಅಂದರೆ ಮುಖ. ‘ಯಾವ ಮುಖ ಇಟ್ಕೊಂಡು ಅವರ ಮನೆಗೆ ಹೋಗಲಿ?’ ಅನ್ನುತ್ತೇವಲ್ಲ, ಅದೇ ಮುಖ. ನಾಲ್ಕು ಜನರ ಮುಂದೆ ತಪ್ಪು ತೋರಿಸಿದರೆ ಅವರ ಮುಖ ಹೋಗುತ್ತದೆ. ಲೆಕ್ಕ ತಪ್ಪಿದ್ದರೆ, ಸರಕು ಕೆಟ್ಟಿದ್ದರೆ, ಆ ವ್ಯಕ್ತಿಯನ್ನು ಪಕ್ಕಕ್ಕೆ ಕರೆದು ಹೇಳಿ. ಚೌಕಾಸಿ ಕೂಡ ನಗುನಗುತ್ತಾ ಆಗಬೇಕು. ‘ತ್ವೊ1ಷಾವ್ ಛ್ಯೆನ್2?’ ಎಷ್ಟು ಅಂತ ಕೇಳಿ. ‘ಥಾಯ್4 ಕ್ವೆಯ್4 ಲ’, ತುಂಬಾ ಜಾಸ್ತಿ ಆಯ್ತು ಅನ್ನಿ. ‘ಈ ಮಾಲು ಚೆನ್ನಾಗಿಲ್ಲ’ ಅಂತ ಮಾತ್ರ ಹೇಳಬೇಡಿ.

ಹಂತ 6: ಕೊಡುವುದು, ತೆಗೆದುಕೊಳ್ಳುವುದು

ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಮದುವೆ ಇತ್ತು. ‘ಹುಂಗ್2ಪಾವ್1’ ಅನ್ನುವ ಕೆಂಪು ಲಕೋಟೆಯಲ್ಲಿ ದುಡ್ಡು ಹಾಕಿ ಕೊಡಬೇಕು ಅಂತ ಗೊತ್ತಿತ್ತು. ನೂರು ಯುವಾನಿನ ಐದು ನೋಟುಗಳನ್ನು ಜೋಡಿಸಿ, ಮೇಲೆ ಒಂದು ಯುವಾನ್ ನೋಟು ಇಡಲು ಹೋದೆ. ನಮ್ಮಲ್ಲಿ ಮುಯ್ಯಿ 501, 1001 ತಾನೇ? ಸೊನ್ನೆಯಲ್ಲಿ ಮುಗಿಯಬಾರದು ಅಂತ. ಪಕ್ಕದ ಮೇಜಿನ ಗುವಾಂಗ್‌ಡಾಂಗ್ ಹುಡುಗಿ ಅದನ್ನು ನೋಡಿ ನನ್ನ ಕೈ ಹಿಡಿದು ನಿಲ್ಲಿಸಿದಳು. ದನಿ ತಗ್ಗಿಸಿ ಹೇಳಿದಳು: ಅವರ ಕಡೆ ಒಂದು ಸೇರಿಸಿ 101, 501 ಕೊಡುವುದು ಸಾವಿನ ಮನೆಗೆ. ಬೆಸ ಸಂಖ್ಯೆ ದುಃಖದ್ದು, ಅದು ಒಂದೇ ಸಲಕ್ಕೆ ಮುಗಿಯಲಿ ಅಂತ. ಶುಭಕ್ಕೆ ಜೋಡಿ ಇರಬೇಕು. ನಾನು ಆ ಒಂದು ಯುವಾನ್ ತೆಗೆದು ಇನ್ನೊಂದು ನೂರು ಸೇರಿಸಿ 600 ಮಾಡಿದೆ. ಅವಳ ಮುಖದಲ್ಲಿ ಸಮಾಧಾನ ಬಂತು. ಶುಭ ಕೋರುವ ಕೈಯಲ್ಲೇ ಅಶುಭ ಕೊಡುತ್ತಿದ್ದೆನಲ್ಲ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಾಗಿ: ಮದುವೆಗೆ ಸಮ ಸಂಖ್ಯೆ, ಹೊಸ ನೋಟು, ಕೆಂಪು ಲಕೋಟೆ. ಆದರೆ 4 ಬರಬಾರದು, ಅದರ ಉಚ್ಚಾರ ‘ಸ4’, ಸಾವು ಅಂದರೆ ‘ಸ3’. 8 ತುಂಬಾ ಒಳ್ಳೆಯದು. ಬಿಳಿ ಲಕೋಟೆ ಸೂತಕದ್ದು.

ಉಡುಗೊರೆಗಳಲ್ಲೂ ಉಚ್ಚಾರದ ಆಟವೇ ಜಾಸ್ತಿ. ಗೋಡೆ ಗಡಿಯಾರ ಕೊಡುವುದು ಅನ್ನುವ ಮಾತೂ, ಸಾಯುವವರ ಕೊನೆಗಾಲದಲ್ಲಿ ಜೊತೆಗಿರುವುದು ಅನ್ನುವ ಮಾತೂ ಒಂದೇ ಥರ ಕೇಳಿಸುತ್ತವೆ: ‘ಸುಂಗ್4 ಚುಂಗ್1’. ನಮ್ಮಲ್ಲಿ ಗೃಹಪ್ರವೇಶಕ್ಕೆ ಗಡಿಯಾರ ಕೊಡುವುದು ಎಷ್ಟು ಸಾಮಾನ್ಯ! ಅಲ್ಲಿ ಖಂಡಿತ ಬೇಡ. ಛತ್ರಿಯ ಹೆಸರು ಚದುರಿ ಹೋಗುವುದನ್ನು ನೆನಪಿಸುತ್ತದೆ, ಪೇರ್ ಹಣ್ಣು ಅಗಲಿಕೆಯನ್ನು. ಗಂಡಸರಿಗೆ ಹಸಿರು ಟೋಪಿ ಕೊಡಬಾರದು, ಹೆಂಡತಿ ಮೋಸ ಮಾಡುತ್ತಿದ್ದಾಳೆ ಅಂತ ಅರ್ಥ. ಸೇಬು ಒಳ್ಳೆಯದು. ಊರಿನಿಂದ ಹೋಗುವವರು ಮೈಸೂರು ಸ್ಯಾಂಡಲ್ ಸೋಪು, ಚನ್ನಪಟ್ಟಣದ ಬೊಂಬೆ, ಕಾಫಿಪುಡಿ ಒಯ್ದರೆ ಯಾವ ತೊಡಕೂ ಇಲ್ಲ, ನಮ್ಮೂರಿನದು ಅಂತ ಹೇಳಿಕೊಡುವ ಖುಷಿಯೂ ಸಿಗುತ್ತದೆ.

ಕೊಡುವುದು, ತೆಗೆದುಕೊಳ್ಳುವುದು ಎರಡೂ ಎರಡು ಕೈಯಲ್ಲಿ. ವಿಸಿಟಿಂಗ್ ಕಾರ್ಡ್ ಕೂಡ. ಎರಡು ಮೂರು ಸಲ ಬೇಡ ಬೇಡ ಅಂದೇ ತೆಗೆದುಕೊಳ್ಳುತ್ತಾರೆ, ಮೊದಲ ‘ಬೇಡ’ಕ್ಕೆ ವಾಪಸ್ ಇಟ್ಟುಕೊಳ್ಳಬೇಡಿ. ನಿಮ್ಮ ಎದುರಿಗೇ ಬಿಚ್ಚಿ ನೋಡದಿದ್ದರೆ ಇಷ್ಟವಾಗಲಿಲ್ಲ ಅಂತಲ್ಲ, ಅದು ಸಂಕೋಚ.

ಹಂತ 7: ಅಭ್ಯಾಸ ಮತ್ತು ಫೋನು

ಎಚ್‌ಎಸ್‌ಕೆ ಅನ್ನುವ ಚೀನೀ ಭಾಷೆಯ ಪರೀಕ್ಷೆಯ ಹಳೆಯ ಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300 ಪದ. ದಿನಕ್ಕೆ ಐದು ಪದ ಹಿಡಿದರೂ ಎರಡು ತಿಂಗಳಲ್ಲಿ 300 ಆಗುತ್ತದೆ. ಬಿಡಿ ಪದ ಉರು ಹೊಡೆಯಬೇಡಿ, ಇಡೀ ವಾಕ್ಯವನ್ನು ಕಲಿಯಿರಿ. ವಾಕ್ಯದ ಜೋಡಣೆ ಮಾತ್ರ ನಮ್ಮ ಹಾಗಿಲ್ಲ: ‘ನಾನು ಅನ್ನ ತಿನ್ನುತ್ತೇನೆ’ ಅಲ್ಲ, ‘ವೊ3 ಛರ್1 ಫ಼ಾನ್4’, ನಾನು ತಿನ್ನು ಅನ್ನ. ಕ್ರಿಯಾಪದ ಕಾಲಕ್ಕೆ, ಲಿಂಗಕ್ಕೆ, ವಚನಕ್ಕೆ ಬದಲಾಗುವುದೇ ಇಲ್ಲ. ವ್ಯಾಕರಣದ ಭಾರ ಅಷ್ಟು ಕಡಿಮೆ.

ಚೀನಾದಲ್ಲಿ ಮಾತುಕತೆ, ದುಡ್ಡು ಕೊಡುವುದು ಎರಡಕ್ಕೂ ವೀಚಾಟ್ ಅನ್ನುವ ಆ್ಯಪ್ ಬೇಕು. ಭಾರತದಲ್ಲಿ 2020ರ ಜೂನ್‌ನಲ್ಲಿ ಅದನ್ನು ನಿಷೇಧಿಸಿದ್ದಾರೆ. ಹಾಗಾಗಿ ಅಲ್ಲಿ ಇಳಿದ ಮೇಲೆ ಮಾಡಿಕೊಳ್ಳುವ ಮೊದಲ ಕೆಲಸಗಳಲ್ಲಿ ಅದೊಂದು ಇರಲಿ. ಹೊಸಬರ ಪರಿಚಯ ಆದರೆ ಒಬ್ಬರು ಕೋಡ್ ತೋರಿಸುತ್ತಾರೆ, ಇನ್ನೊಬ್ಬರು ಸ್ಕ್ಯಾನ್ ಮಾಡುತ್ತಾರೆ. ಹಿರಿಯರಾದರೆ ನೀವೇ ‘ನಾನು ಸ್ಕ್ಯಾನ್ ಮಾಡ್ತೀನಿ’ ಅನ್ನಿ. ಚಾಟ್‌ನಲ್ಲಿ ಸಾದಾ ನಗುಮುಖದ ಚಿಹ್ನೆ ಕಳಿಸುವ ಮುಂಚೆ ಯೋಚಿಸಿ. ಅಲ್ಲಿಯ ಯುವಕರಿಗೆ ಅದು ತಣ್ಣನೆಯ, ಬೇಸರದ ನಗು.

ಹುಷಾರಿಲ್ಲ ಅಂತ ಬರೆದರೆ ‘ತ್ವೊ1 ಹ1 ರ4ಷ್ವೆಯ್3’ ಅಂತ ಉತ್ತರ ಬರುತ್ತದೆ. ಬಿಸಿನೀರು ಜಾಸ್ತಿ ಕುಡಿ ಅಂತ. ನಮ್ಮ ಅಮ್ಮಂದಿರ ಮದ್ದೇ ಅದು.

ಹಂತ 8: ಹೊರಡುವಾಗ

ಯಾರ ಮನೆಗಾದರೂ ಹೋದರೆ ಬಾಗಿಲಲ್ಲೇ ಚಪ್ಪಲಿ ಬಿಡಿ, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಡುತ್ತಾರೆ. ಬರಿಗೈಲಿ ಹೋಗಬೇಡಿ. ಹೊರಡುವಾಗ ‘ಹೋಗ್ತೀನಿ’ ಅಂತ ತಟ್ಟನೆ ಎದ್ದು ಬಿಡುವುದು ಅಲ್ಲೂ ಇಲ್ಲ. ‘ವೊ3 ಶ್ಯೆನ್1 ತ್ಸೋ3 ಲ’, ನಾನು ಮುಂಚೆ ಹೊರಡುತ್ತೇನೆ, ಅನ್ನಬೇಕು. ಮನೆಯವರು ಇನ್ನೂ ಸ್ವಲ್ಪ ಕೂತಿರಿ ಅನ್ನುತ್ತಾರೆ. ನೀವು ಮತ್ತೆ ಹೇಳಬೇಕು. ಆಮೇಲೆ ಅವರು ಬಾಗಿಲು ದಾಟಿ ಲಿಫ್ಟಿನ ತನಕ, ಕೆಲವರು ಗೇಟಿನ ತನಕ ಬರುತ್ತಾರೆ. ‘ಪ್ಯೆ2 ಸುಂಗ್4 ಲ’, ಕಳಿಸೋಕೆ ಬರಬೇಡಿ ಅನ್ನಿ. ಅವರು ‘ಮಾನ್4 ತ್ಸೋ3’ ಅನ್ನುತ್ತಾರೆ. ಅಕ್ಷರಶಃ ನಿಧಾನಕ್ಕೆ ನಡೆಯಿರಿ, ನಮ್ಮ ‘ಹುಷಾರಾಗಿ ಹೋಗಿಬನ್ನಿ’. ಅಂಗಡಿಯವರೂ ಇದೇ ಹೇಳುತ್ತಾರೆ. ‘ತ್ಸಾಯ್4ಚ್ಯೆನ್4’ ಅಂದರೆ ಮತ್ತೆ ಕಾಣೋಣ.

ಮನೆ ಮುಟ್ಟಿದ ಮೇಲೆ ಒಂದು ಮೆಸೇಜು ಹಾಕುವುದನ್ನು ಮರೆಯಬೇಡಿ: ‘ವೊ3 ತಾವ್4 ಚ್ಯಾ1 ಲ’. ನಾನು ಮನೆ ತಲುಪಿದೆ. ಎಷ್ಟೇ ಹೊತ್ತಾಗಿದ್ದರೂ ಅದಕ್ಕೆ ಕಾಯುತ್ತಿರುತ್ತಾರೆ.